ಜಯಂತಿಯಲ್ಲಿ ನಾಟಕಕ್ಕೆ ಹತ್ತು ನಿಮಿಷ

ಸತ್ತ ಮೇಲೆ ದೊಡ್ಡವರಾಗುವುದಕ್ಕಿಂತ ಸಣ್ಣವರಾಗಿಯೇ ಸಾಯುವುದು ವಾಸಿ ಎಂದು ನನಗೆ ಈಚೆಗೆ ಅನ್ನಿಸತೊಡಗಿದೆ. ಸಣ್ಣವರನ್ನು ಜನ ಅವರ ಪಾಡಿಗೆ ಬಿಡುತ್ತಾರೆ. ದೊಡ್ಡವರನ್ನು ಹಿಡಿದು ಜಯಂತಿ ಮಾಡುತ್ತಾರೆ. ಸಿಂಗಸಂದ್ರದ ನಮ್ಮ ಅಪಾರ್ಟ್‌ಮೆಂಟಿನಲ್ಲಿ ಹೋದ ತಿಂಗಳು ಹಾಗೆ ಸಿಕ್ಕಿಬಿದ್ದವರು ದೇಶವೇ ಕೊಂಡಾಡುವ ಒಬ್ಬ ನಾಟಕಕಾರರು. ಸಾಂಸ್ಕೃತಿಕ ಕಾರ್ಯದರ್ಶಿ ಎಂಬ ಕೊಂಬು ನನಗಿತ್ತು.

ನನ್ನ ಹಟ ಒಂದೇ. ನಾಟಕಕಾರರ ಜಯಂತಿಯಲ್ಲಿ ಹತ್ತು ನಿಮಿಷವಾದರೂ ಅವರ ನಾಟಕ ಇರಬೇಕು. ದಾವಣಗೆರೆಯ ಕಾಲೇಜಿನಲ್ಲಿ ಅವರ ನಾಟಕವೊಂದರಲ್ಲಿ ರಾಣಿಯ ಪಾತ್ರ ಮಾಡಿ, ಮದುವೆಯಾದ ಮೇಲೆ ಬಣ್ಣವನ್ನೇ ಹಚ್ಚದ ನನ್ನ ಹೆಂಡತಿ ಗಿರಿಜೆ ಅದರ ಒಂದು ದೃಶ್ಯವನ್ನು ಮತ್ತೆ ಬಾಯಿಪಾಠ ಮಾಡಿದಳು. ರೊಟ್ಟಿ ಬಡಿಯುವಾಗಲೂ ರಾಜನನ್ನು ಗದರುತ್ತಿದ್ದಳು. ಅವಳ ಮುಖದ ಕಳೆ ನೋಡಿ ನನಗೆ ನಿಜಕ್ಕೂ ಸಂತೋಷವಾಗಿತ್ತು.

ಸಮಿತಿಯಲ್ಲಿ ಮಾತ್ರ ಅವರು ನಾಡಿನ ಹೆಮ್ಮೆಯೋ ದೇಶದ ಹೆಮ್ಮೆಯೋ ಎಂಬುದು ತೀರ್ಮಾನವಾಗದೆ ಬ್ಯಾನರೇ ಅಚ್ಚಿಗೆ ಹೋಗಲಿಲ್ಲ. ಎಲೆಕ್ಟ್ರಾನಿಕ್ ಸಿಟಿಯಲ್ಲಿ ಮ್ಯಾನೇಜರ್ ಆಗಿರುವ ಪ್ರಸಾದ್, "ರಾಣಿ ರಾಜನಿಗೆ ಬೈಯೋದು ಬೇಡ ಸಾರ್. ನ್ಯಾಷನಲ್ ಐಕಾನ್ ಫಂಕ್ಷನ್ನಲ್ಲಿ ನೆಗೆಟಿವ್ ಮೆಸೇಜ್ ಹೋಗುತ್ತೆ" ಎಂದರು.

"ಅವರೇ ಬರೆದದ್ದು ಕಣ್ರೀ" ಎಂದೆ.

"ಬರೆದಿರ್ಬಹುದು. ಆಗ ಅವ್ರು ಐಕಾನ್ ಆಗಿರ್ಲಿಲ್ವಲ್ಲ."

ಈ ಕಟ್ಟಡ ಏಳುವ ಮೊದಲು ಇಲ್ಲೇ ರಾಗಿ ಬೆಳೆಯುತ್ತಿದ್ದ ಅಧ್ಯಕ್ಷ ವೆಂಕಟಸ್ವಾಮಣ್ಣ ನನ್ನ ಕಿವಿಯ ಬಳಿ ಬಂದರು. "ತಪ್ ತಿಳ್ಕಾಬ್ಯಾಡಿ ಸಾಮಿ, ಅವ್ರು ಯಾವ ಜನ? ನಮ್ಮೋರಾದ್ರೆ ನಮ್ ಕಡೆಯಿಂದ್ಲೂ ಒಂದ್ ಭಾಷ್ಣ ಇಕ್ಕಾಣ."

"ಅವರು ಎಲ್ಲರಿಗೂ ಸೇರಿದವರು" ಎಂದು ಜಾಣತನ ತೋರಿಸಿದೆ.

"ಅಂಗಾದ್ರೆ ಎಲ್ರ ಕಡೆಯಿಂದ್ಲೂ ಒಂದೊಂದು ಇಕ್ಬುಡಿ."

ಇಕ್ಕಿದೆವು. ಜಗಳವಾಡಿ ರಾಣಿಯನ್ನೂ ಉಳಿಸಿಕೊಂಡೆ. ಆ ದಿನ ಆರು ಗಂಟೆಗೆ ಹಾಲ್‌ನಲ್ಲಿ ಯಾವುದೋ ಮಗುವಿನ ಹುಟ್ಟುಹಬ್ಬವಿತ್ತು. ಅಷ್ಟರೊಳಗೆ ನಾವು ಜಾಗ ಬಿಡಬೇಕು. ಭಾಷಣಗಳು ಬೆಳೆದವು. ದೇಶ ಬಂತು, ನಾಡು ಬಂತು, ಒಬ್ಬರ ಬಾಯಲ್ಲೂ ಒಂದು ನಾಟಕದ ಹೆಸರು ಬರಲಿಲ್ಲ. ಪರದೆಯ ಹಿಂದೆ ಗಿರಿಜೆ ಕಿರೀಟ ಇಟ್ಟುಕೊಂಡು ನಿಂತಿದ್ದಳು. ನನಗೆ ಮೈಯೆಲ್ಲ ಉರಿಯುತ್ತಿತ್ತು.

ಆರಕ್ಕೆ ಕಾಲು ಗಂಟೆ ಇರುವಾಗ, ನಾಟಕಕ್ಕೆ ಮುಂಚೆ ಎರಡು ಮಾತಿನ ವಂದನಾರ್ಪಣೆಗೆ ನನ್ನನ್ನು ಕರೆದರು. ನಾಟಕದ ಹೊತ್ತನ್ನೆಲ್ಲ ಭಾಷಣಗಳೇ ನುಂಗುತ್ತಿವೆ ಎಂದು ಝಾಡಿಸಿದೆ. ಚಪ್ಪಾಳೆ ಬಿತ್ತು. ಆ ಅಪಾರ್ಟ್‌ಮೆಂಟಿನಲ್ಲಿ ನನಗೆ ಬಿದ್ದ ಮೊದಲ ಚಪ್ಪಾಳೆ ಅದು. ಅದನ್ನೇ ಇನ್ನಷ್ಟು ವಿವರಿಸಿದೆ. ವಿವರಿಸುತ್ತಿರುವಾಗಲೇ ಆರು ಗಂಟೆಯಾಗಿ ಹುಟ್ಟುಹಬ್ಬದ ಬಲೂನಿನವರು ಏಣಿ ತಂದು ವೇದಿಕೆ ಹತ್ತಿದರು.

ಮನೆಗೆ ಬಂದ ಗಿರಿಜೆ ಕಿರೀಟ ತೆಗೆಯಲಿಲ್ಲ. "ಭಾಷಣ ಭಾಳ ಚಲೋ ಆತು. ಕುಂದರ್ರಿ ಅಲ್ಲಿ" ಎಂದವಳೇ ಇಡೀ ದೃಶ್ಯವನ್ನು ಒಂದಕ್ಷರ ಬಿಡದೆ ನನ್ನೆದುರು ಅಭಿನಯಿಸಿದಳು. ಎಷ್ಟು ಚೆನ್ನಾಗಿ ಮಾಡಿದಳೆಂದರೆ ನನಗೆ ನಾಚಿಕೆಯಾಯಿತು. ರಾಜ ಉತ್ತರ ಕೊಡಬೇಕಾದ ಜಾಗ ಬಂದಾಗ, ಇದಾದರೂ ನನ್ನ ಕೈಲಾಗಲಿ ಎಂದು ಬಾಯಿ ತೆರೆದೆ.

"ಸುಮ್ಕಿರ್ರಿ," ಎಂದಳು ರಾಣಿ. "ನಿಮ್ಮ ಮಾತು ಆಗ್ಲೇ ಮುಗದಾವು."