ಎಣ್ಣೆ ಕೋಣೆಯ ಎರಡನೇ ಲೋಟ

— ಆ ಲೋಟ ತೆಗೀರಿ ಅಂತ ಬೆಳಗ್ಗೆಯಿಂದ ಬಡ್ಕೋತಾ ಇದೀನಿ, ಅತ್ತಿಗೆ!

— ಬಡ್ಕೋ. ಲೋಟ ಅಲ್ಲೇ ಇರುತ್ತೆ.

ಎಣ್ಣೆ ಕೋಣೆ ಅಂದರೆ ಗ್ಯಾಸ್ ಟರ್ಬೈನಿನ ಪಕ್ಕದ ಸಣ್ಣ ಕೋಣೆ. ಒಂದು ಎಣ್ಣೆ ತೊಟ್ಟಿ, ಪಂಪು, ಗೋಡೆ ತುಂಬ ಮೀಟರುಗಳು. ಟರ್ಬೈನಿನ ಶಾಫ್ಟ್ ಬೇರಿಂಗುಗಳ ಮೇಲೆ ತಿರುಗುತ್ತದೆ. ಬೇರಿಂಗುಗಳಿಗೆ ಎಣ್ಣೆ ಇಲ್ಲಿಂದ ಹೋಗುತ್ತದೆ. ಇಲ್ಲಿನ ಕೆಲಸ ಈ ಅತ್ತಿಗೆಯ ಗಂಡನದಾಗಿತ್ತು. ಅವನು ಹೋದ. ಕಳೆದ ತಿಂಗಳು ಆ ಕೆಲಸ ಅವಳಿಗೆ ಬಂತು. ಜೊತೆಗೆ ಅವನ ಸ್ಟೂಲೂ ಬಂತು. ದಿನಾ ಎರಡು ಲೋಟಕ್ಕೆ ಟೀ ಬಗ್ಗಿಸುತ್ತಾಳೆ. ಒಂದು ತನಗೆ. ಇನ್ನೊಂದನ್ನು ಅವನು ಇಡುತ್ತಿದ್ದ ಜಾಗದಲ್ಲೇ, ಮೀಟರಿನ ಕೆಳಗೆ ಇಡುತ್ತಾಳೆ. ಸಂಜೆ ಚೆಲ್ಲುತ್ತಾಳೆ.

ಲೋಟ ತೆಗೆಯಿರಿ ಎನ್ನುತ್ತಿದ್ದ ಮೇಸ್ತ್ರಿ ಅವಳ ಗಂಡನ ಗೆಳೆಯ. ಇವತ್ತು ಅವನು ಕೆಂಡ ತುಳಿದವನ ಹಾಗೆ ಕುಣಿಯುತ್ತಿದ್ದ.

— ಈಗ ಸಾಹೇಬರು ಬರ್ತಾರೆ. ಯಾರದು ಈ ಟೀ ಅಂದ್ರೆ ಏನು ಹೇಳ್ಲಿ?

— ಅವರದು ಅನ್ನು.

— ಅವರು ಸತ್ತು ವರ್ಷ ಆಗ್ತಾ ಬಂತು!

— ಒಳ್ಳೇದಾಯ್ತಲ್ಲ. ಮೀಟರ್ ಮೇಲೆ ಚೆಲ್ತಾರೆ ಅನ್ನೋ ಭಯ ಇಲ್ಲ.

— ಇವಳಿಗೆ ತಲೆ ಕೆಟ್ಟಿದೆ ಅಂತ ನಿಮ್ಮನ್ನ ಅಂಗಳ ಗುಡಿಸೋಕೆ ಹಾಕ್ತಾರೆ. ಆಮೇಲೆ ಈ ಕೋಣೆಗೆ ಕಾಲಿಡೋ ಹಾಗಿಲ್ಲ, ತಿಳ್ಕೊಳ್ಳಿ.

ಅದು ನಾಟಿತು. ಈ ಸ್ಟೂಲು ಬಿಟ್ಟರೆ ಅವನು ಅವಳಿಗೆ ಬೇರೆಲ್ಲೂ ಸಿಗುವುದಿಲ್ಲ.

— ನನ್ನ ತಲೆ ನೆಟ್ಟಗಿದೆ. ಕೆಲಸದಲ್ಲಿ ಒಂದು ತಪ್ಪು ತೋರಿಸು, ನೋಡೋಣ.

ಅಷ್ಟರಲ್ಲಿ ಆಚೆ ಟರ್ಬೈನಿನ ಕೂಗು ಇಳಿಯತೊಡಗಿತು. ತಪಾಸಣೆಗೆಂದು ನಿಲ್ಲಿಸಿದ್ದರು. ಇಳಿದು ಇಳಿದು ಅಡಗಿಯೇ ಹೋಯಿತು. ಅವಳು ಬಂದ ಮೇಲೆ ಅದು ನಿಂತದ್ದು ಇದೇ ಮೊದಲು. ತನ್ನ ಅಚ್ಚುಕಟ್ಟು ತೋರಿಸಲು ಇದೇ ಗಳಿಗೆ ಎಂದುಕೊಂಡು ನೇರ ಪಂಪು ನಿಲ್ಲಿಸುವ ಗುಂಡಿಗೆ ಕೈ ಹಾಕಿದಳು.

— ಅಯ್ಯಯ್ಯೋ! ಕೈ ತೆಗೀರಿ! ಮನೆ ಹಾಳಾಗುತ್ತೆ!

— ಯಾಕೆ? ಯಂತ್ರ ನಿಂತಿಲ್ವಾ?

— ನಿಂತಿದೆ.

— ಮತ್ತೆ ಎಣ್ಣೆ ಯಾರಿಗೆ? ಉಣ್ಣೋರು ಎದ್ದು ಹೋದ ಮೇಲೂ ಬಡಿಸ್ತಾ ಕೂರ್ತಾರಾ?

— ಕೂರಬೇಕು!

— ಈಗ ತಲೆ ಕೆಟ್ಟಿರೋದು ಯಾರಿಗೆ?

ಮೇಸ್ತ್ರಿ ಗುಂಡಿಗೂ ಅವಳಿಗೂ ನಡುವೆ ನುಗ್ಗಿ ನಿಂತ.

— ತಿರುಗೋದು ನಿಂತಿದೆ ಅಷ್ಟೆ, ಅತ್ತಿಗೆ. ಒಳಗಿನ ಬಿಸಿ ಹಾಗೇ ಇದೆ. ಅದು ಶಾಫ್ಟ್ ಹಿಡ್ಕೊಂಡು ಮೆಲ್ಲಗೆ ಬೇರಿಂಗಿಗೆ ಬರುತ್ತೆ. ಎಣ್ಣೆ ಹರೀತಾ ಇದ್ರೆ ಆ ಬಿಸೀನ ಹೊತ್ಕೊಂಡು ಹೋಗುತ್ತೆ. ಥಟ್ಟಂತ ನಿಲ್ಲಿಸಿದ್ರೆ ಬೇರಿಂಗ್ ಸುಟ್ಟುಹೋಗುತ್ತೆ.

— ಎಷ್ಟು ಹೊತ್ತು ಹರೀಬೇಕು?

— ಬಿಸಿ ಆರೋವರೆಗೆ.

— ಎಷ್ಟು ಹೊತ್ತು ಅಂದೆ.

— ಅದು ನಾವು ಹೇಳೋದಲ್ಲ. ಅದೇ ಆರಬೇಕು. ನಾವು ಮೀಟರ್ ನೋಡ್ಕೊಂಡು ಕಾಯ್ಬೇಕು.

— ಬೈದ್ರೆ ಬೇಗ ಆರುತ್ತಾ?

— ಕಬ್ಬಿಣಕ್ಕೆ ಬೈದು ಏನು ಬಂತು, ಅತ್ತಿಗೆ?

ಅವಳು ಸ್ಟೂಲಿನ ಮೇಲೆ ಕೂತಳು. ಲೋಟದ ಕಡೆ ನೋಡಿದಳು. ಮೇಸ್ತ್ರಿಯೂ ನೋಡಿದ.

— ಕಬ್ಬಿಣದ ಮೇಲೆ ಎಷ್ಟು ಕರುಣೆಯಪ್ಪ ನಿನಗೆ, ಎಂದಳು.

ಹೊರಗೆ ಬೂಟಿನ ಸದ್ದಾಯಿತು. ಮೇಸ್ತ್ರಿ ಲೋಟ ಎತ್ತಿಕೊಂಡ. ಚೆಲ್ಲಿಬಿಡುತ್ತಾನೆಂದು ಅವಳು ಎದ್ದೇಬಿಟ್ಟಳು. ಸಾಹೇಬರು ಬಾಗಿಲಲ್ಲಿ ಇಣುಕಿದರು.

— ಇಲ್ಲಿ ಡ್ಯೂಟಿ ಇರೋದು ಒಬ್ಬರಿಗೆ. ಎರಡು ಲೋಟ ಯಾಕ್ರೀ?

— ಇದು ನಂದು, ಸಾರ್. ದಿನಾ ನಂದೇ.

ಅಂದವನೇ ಗಟಗಟನೆ ಕುಡಿದ. ಸಾಹೇಬರು ಪಂಪು ಓಡುತ್ತಿರುವುದನ್ನು ನೋಡಿ ತಲೆಯಾಡಿಸಿ ಹೋದರು. ಮೇಸ್ತ್ರಿಯ ಮುಖ ಹಿಂಡಿದ ನಿಂಬೆಹಣ್ಣಾಗಿತ್ತು.

— ಥೂ! ಆರಿ ತಣ್ಣಗಾಗಿದೆ. ಸಕ್ಕರೆನೂ ಹಾಕಿಲ್ವಲ್ಲ, ಅತ್ತಿಗೆ!

— ಅವರಿಗೆ ಸಕ್ಕರೆ ಕಾಯಿಲೆ ಕಣಯ್ಯ. ನಾಳೆಯಿಂದ ಮೂರು ಲೋಟ ತರ್ತೀನಿ. ನಿಂದಕ್ಕೆ ಸಕ್ಕರೆ ಹಾಕಿರ್ತೀನಿ.