ಚಿಕ್ಕಮ್ಮನ ಕಲ್ಲುಸಕ್ಕರೆ ಟ್ರೈನಿಂಗು

ನಮ್ಮ ಚಿಕ್ಕಮ್ಮನ ಬಾಯಿಗೆ ಬೀಗ ಹಾಕುವ ಗಂಡು ಇನ್ನೂ ಹುಟ್ಟಿಲ್ಲ ಎಂದೇ ನಾವೆಲ್ಲ ನಂಬಿದ್ದೆವು. ಆ ಕೆಲಸವನ್ನು ಒಂದು ಚೂರು ಕಲ್ಲುಸಕ್ಕರೆ ಮಾಡೀತು ಎಂದು ಯಾರಿಗೆ ಗೊತ್ತಿತ್ತು!

ಚಿಕ್ಕಮ್ಮ ಸೊರಬ ತಾಲ್ಲೂಕಿನ ಜಡೆ ಎಂಬ ಊರಿನ ಕಡೆಯ ಸರ್ಕಾರಿ ನರ್ಸಮ್ಮ. ಅರ್ಧ ಊರಿನ ಹೆರಿಗೆ ಮಾಡಿಸಿದವಳು ಅವಳೇ; ಆ ಅರ್ಧ ಊರನ್ನು ಬೈಯುವ ಹಕ್ಕೂ ಅವಳದೇ. ಬಸ್ಸಿಗೆ ಕಾಯುವ ಬಾಣಂತಿಯರನ್ನು ಕಂಡರೆ ಸಾಕು, "ನಾಳೆ ಬಂದು ಕಾಪರ್-ಟಿ ಹಾಕಿಸ್ಕಳೇ ಮಾರಾಯ್ತಿ" ಎಂದು ರಸ್ತೆಯ ಆಚೆಯಿಂದಲೇ ಕೂಗುವಳು. ಮರುದಿನದಿಂದ ಆ ಹೆಂಗಸರು ಮುಂದಿನ ಸ್ಟಾಪಿನವರೆಗೆ ನಡೆದು ಹೋಗಿ ಬಸ್ಸು ಹತ್ತುತ್ತಿದ್ದರು!

ಇಂಥವಳಿಗೆ ತೊಂಬತ್ತರ ದಶಕದಲ್ಲೊಮ್ಮೆ ಶಿಕಾರಿಪುರದಲ್ಲಿ ಒಂದು ವಾರದ ತರಬೇತಿ ಬಂತು. ಗರ್ಭನಿರೋಧದ ಬಗ್ಗೆ ಹೆಂಗಸರೊಡನೆ ಹೇಗೆ ಮಾತಾಡಬೇಕು ಎಂಬ ಪಾಠ. ಮೀನಿಗೆ ಈಜು ಕಲಿಸುತ್ತಾರಂತೆ ಎಂದು ಗೊಣಗುತ್ತಲೇ ನಮ್ಮ ಮನೆಗೆ ಬಂದಿಳಿದಳು.

ನಾನು ಶಿಕಾರಿಪುರದ ಸೊಸೆ. ಆಗ ನನ್ನ ಮಗಳಿನ್ನೂ ಅಂಬೆಗಾಲಿಡುತ್ತಿದ್ದಳು. ನಮ್ಮತ್ತೆ ಆಗಲೇ ಹುಟ್ಟದ ಮೊಮ್ಮಗನಿಗೆ ಹೆಸರು ಹುಡುಕುತ್ತಿದ್ದರು. ನನಗೋ ಮೊದಲ ಹೆರಿಗೆಯ ಹೆದರಿಕೆಯೇ ಇಳಿದಿರಲಿಲ್ಲ. ಯಾರಿಗೆ ಹೇಳಲಿ? ನಮ್ಮ ಮನೆಯವರು ತಾಯಿಯ ಮಾತಿಗೆಲ್ಲ ಹೂಂ ಎಂದು ಅಂಗಡಿಗೆ ಹೋಗುವ ಆಸಾಮಿ.

ತರಬೇತಿಯ ಡಾಕ್ಟರಮ್ಮನ ಸೂತ್ರ ಇಷ್ಟೇ: ಆಜ್ಞೆ ಮಾಡಬೇಡಿ. ಇರುವ ದಾರಿಗಳನ್ನೆಲ್ಲ ಹೇಳಿ, ಗುಣದ ಜೊತೆ ತೊಂದರೆಯನ್ನೂ ಹೇಳಿ. ಆಮೇಲೆ ನಿನಗೇನು ಬೇಕು ಎಂದು ಕೇಳಿ ಸುಮ್ಮನಿರಿ. ಈ ಸುಮ್ಮನಿರುವುದಿದೆಯಲ್ಲ, ಅದು ಚಿಕ್ಕಮ್ಮನ ಜಾತಕದಲ್ಲೇ ಇರಲಿಲ್ಲ. ಕೊನೆಗೆ ಡಾಕ್ಟರಮ್ಮ ಸೋತು, ಪ್ರಶ್ನೆ ಕೇಳಿದ ಕೂಡಲೇ ಕಲ್ಲುಸಕ್ಕರೆ ಬಾಯಿಗೆ ಹಾಕಿಕೊಳ್ಳಿ, ಕರಗುವವರೆಗೆ ಮಾತಾಡಬೇಡಿ ಎಂದರಂತೆ. ಮೊದಲ ದಿನ ಚಿಕ್ಕಮ್ಮ ಅದನ್ನು ಕಟಕಟನೆ ಅಗಿದು ಮಾತು ಮುಂದುವರಿಸಿದಳು!

ಅಭ್ಯಾಸಕ್ಕೆ ಸಿಕ್ಕಿದ್ದು ನಮ್ಮ ಮನೆ. ಬೆಳಿಗ್ಗೆ ನಮ್ಮವರು ಕಾಫಿ ಕೇಳಿದರೆ ಚಿಕ್ಕಮ್ಮ ಕಾಫಿ, ಟೀ, ಕಷಾಯ ಮೂರರ ಗುಣವನ್ನೂ ತೊಂದರೆಯನ್ನೂ ವಿವರಿಸಿ, ನಿರ್ಧಾರ ನಿಮ್ಮದು ಎಂದು ಕಲ್ಲುಸಕ್ಕರೆ ಚೀಪುತ್ತಾ ಕೂತಳು. ಅಷ್ಟರಲ್ಲಿ ಹಾಲು ಉಕ್ಕಿ ಒಲೆಯ ಪಾಲಾಯಿತು.

"ನಮ್ಮವ್ವ ಬೈದಾದ್ರೂ ಕಾಫಿ ಕೊಡ್ತಾಳ್ರೀ" ಎನ್ನುತ್ತಾ ಅವರು ಹೋಟೆಲಿನ ದಾರಿ ಹಿಡಿದರು.

ಕೊನೆಯ ದಿನ ಸಂಜೆ ಅತ್ತೆ ಚಿಕ್ಕಮ್ಮನನ್ನೇ ಹಿಡಿದರು. ನಿಮ್ಮ ಹುಡುಗಿಗೆ ನೀವೇ ಬುದ್ಧಿ ಹೇಳ್ರೀ, ಮನೆಗೊಂದು ಗಂಡು ಬೇಗ ಆಗಲಿ ಎಂದರು. ನಮ್ಮವರೂ ಪಕ್ಕದಲ್ಲಿ ಕೂತು ಹೂಂ ಎಂದರು. ಈಗ ರಣರಂಗವೇ ಎಂದುಕೊಂಡು ನಾನು ಮಗುವನ್ನೆತ್ತಿಕೊಂಡು ಮೂಲೆ ಸೇರಿದೆ.

ಚಿಕ್ಕಮ್ಮ ಬೈಯಲಿಲ್ಲ. ನನ್ನ ಕಡೆ ತಿರುಗಿದಳು.

"ನಿಂಗೇನು ಬೇಕು ಹೇಳೇ?"

ಅತ್ತೆ ಉತ್ತರ ಕೊಡಲು ಬಾಯಿ ತೆರೆದರು. ಚಿಕ್ಕಮ್ಮ ಡಬ್ಬಿ ತೆರೆದು ಅವರ ಕೈಗೊಂದು ಕಲ್ಲುಸಕ್ಕರೆ ಇಟ್ಟಳು. ನಮ್ಮವರಿಗೊಂದು ಕೊಟ್ಟಳು. ಬೀಗರು ಕೊಟ್ಟ ಸಿಹಿಯನ್ನು ಬೇಡವೆನ್ನಲಾದೀತೇ? ಇಬ್ಬರೂ ಬಾಯಿಗೆ ಹಾಕಿಕೊಂಡರು.

ಮದುವೆಯಾದ ಮೇಲೆ ಯಾರೂ ನನ್ನನ್ನು ಆ ಪ್ರಶ್ನೆ ಕೇಳಿರಲಿಲ್ಲ. ಮಾತಿಗೆ ಮೊದಲು ಅಳು ಬಂತು. ಬಹಳ ಹೊತ್ತು ಅಳುತ್ತಲೇ ಇದ್ದೆ. ಅವರಿಬ್ಬರೂ ಕಲ್ಲುಸಕ್ಕರೆ ಚೀಪುತ್ತಾ ಕಾದರು.

"ಈಗ್ಲೇ ಬೇಡ. ನಂಗೆ ಹೆದ್ರಿಕೆ ಆಗುತ್ತೆ" ಎಂದೆ.

ನಮ್ಮವರು ನನ್ನನ್ನೇ ನೋಡಿದರು. "ಬೇಡಂದ್ರೆ ಬೇಡ ಬಿಡವ್ವ" ಎಂದರು, ತಾಯಿಯ ಕಡೆ ತಿರುಗಿ. ಅತ್ತೆ ಮುಖ ಊದಿಸಿಕೊಂಡೇ ಎದ್ದು ಬಂದು, ನನ್ನ ತೋಳಿನಿಂದ ಮಗುವನ್ನು ಎತ್ತಿಕೊಂಡರು.

ನಾನು ಕಣ್ಣೊರೆಸಿಕೊಂಡು ಚಿಕ್ಕಮ್ಮನ ಕಡೆ ನೋಡಿದೆ. ಆ ಎರಡು ಚೂರಿಗೇ ಡಬ್ಬಿ ಖಾಲಿಯಾಗಿತ್ತು. ಅಷ್ಟು ಹೊತ್ತೂ ಸುಮ್ಮನೆ ಕೂತಿದ್ದ ಅವಳ ಬಾಯಲ್ಲಿ ಏನೂ ಇರಲಿಲ್ಲ.