ಅಂದಾನಪ್ಪನ ಸೈಕಲ್ಲಿಗೆ ಕಂಪ್ಯೂಟರ್

ಎರ್ರಮ್ಮ: ಕಂಪ್ಯೂಟರ್ ಒಂದಾ ಯಾಕ ಹಾಕಿಸ್ತೀರಿ? ಕ್ಯಾರಿಯರ್ ಮ್ಯಾಲ ಒಂದು ಏಸಿ ಕುಂದ್ರಿಸ್ರಿ, ಹ್ಯಾಂಡಲ್ಲಿಗೆ ಒಂದು ಟೀವಿ ತೂಗುಬಿಡ್ರಿ. ತುಳಿಯೋದೊಂದು ಬಾಕಿ ಉಳೀತೈತಿ, ಅದಕ್ಕ ಯಾರನ್ನಾರ ಆಳು ಇಟ್ರಾತು.

ಅಂದಾನಪ್ಪ: ನಿನಗ ತಿಳಿಯಂಗಿಲ್ಲ ಬಿಡು. ಕಂಪ್ಯೂಟರ್ ಅನ್ನೋದು ಹೆಸರಿಗಷ್ಟ. ನೋಡಿಲ್ಲಿ, ಬೆಂಕಿಪೊಟ್ಟಣದಷ್ಟೂ ಇಲ್ಲ.

ಎರ್ರಮ್ಮ: ಇದನ್ನ ಹಾಕಿದ್ರ ಸೈಕಲ್ ತಾನಾ ಓಡತೈತೇನು?

ಅಂದಾನಪ್ಪ: ಇಲ್ಲ.

ಎರ್ರಮ್ಮ: ಪಂಕ್ಚರ್ ಆದ್ರ ತಾನಾ ಹಾಕ್ಕೊಂತೈತೇನು?

ಅಂದಾನಪ್ಪ: ಇಲ್ಲ.

ಎರ್ರಮ್ಮ: ಭಾಳ ಉಪಯೋಗದ ಸಾಮಾನು ತಂದೀರಿ.

ಇದು ನಡೆದದ್ದು ಹೊಸಪೇಟೆ ಬಸ್‌ಸ್ಟ್ಯಾಂಡಿನ ಹಿಂದಿರುವ ದುರುಗಣ್ಣನ ಸೈಕಲ್ ಅಂಗಡಿಯ ಮುಂದೆ, 2007ರ ಒಂದು ಬೆಳಿಗ್ಗೆ. ಅಂದಾನಪ್ಪ ಸಂಡೂರು ರಸ್ತೆಯ ಒಂದು ವೇಬ್ರಿಡ್ಜಿನಲ್ಲಿ ಅದಿರು ಲಾರಿಗಳ ತೂಕ ಬರೆದುಕೊಳ್ಳುವ ಗುಮಾಸ್ತ. ವಯಸ್ಸು ನಲವತ್ತಾರು, ತೂಕ ತೊಂಬತ್ತೆರಡು. ಹೆಂಡತಿ ಎರ್ರಮ್ಮ ಅನಂತಶಯನಗುಡಿಯ ಶಾಲೆಯಲ್ಲಿ ಗಣಿತದ ಟೀಚರು. ಸಕ್ಕರೆ ಕಾಯಿಲೆ ಶುರುವಾಗಿದೆ, ದಿನಾ ಸೈಕಲ್ ತುಳಿಯಿರಿ ಎಂದು ಡಾಕ್ಟರು ಗಂಡನಿಗೆ ಹೇಳಿ ಹದಿನೈದು ದಿನವಾಗಿತ್ತು. ಆ ಹದಿನೈದು ದಿನದಲ್ಲಿ ಅಂದಾನಪ್ಪ ಸೈಕಲ್ ಕೊಂಡ, ಹೆಲ್ಮೆಟ್ ಕೊಂಡ, ಕೈಗವಸು ಕೊಂಡ, ಬೆಂಗಳೂರಿಗೆ ಹೋದವರ ಕೈಯಲ್ಲಿ ಈ ಕಂಪ್ಯೂಟರನ್ನೂ ತರಿಸಿದ. ತುಳಿದದ್ದು ಎರಡು ಸಲ.

ಅಂದಾನಪ್ಪ: ಎಷ್ಟು ದೂರ ಹೋದೆ, ಎಷ್ಟು ಸ್ಪೀಡಿನ್ಯಾಗ ಹೋದೆ, ಮೈಯಾಗಿನ ಶಕ್ತಿ ಎಷ್ಟು ಕ್ಯಾಲೊರಿ ಕರಗಿತು, ಎಲ್ಲಾ ತೋರಿಸ್ತೈತಿ. ಲೆಕ್ಕ ಇಲ್ಲದ ಕೆಲಸ ಕೆಲಸ ಅಲ್ಲ. ಲೆಕ್ಕದ ಟೀಚರ್ ನೀನು, ನಿನಗ ನಾ ಹೇಳಬೇಕಾ?

ಎರ್ರಮ್ಮ: ಲೆಕ್ಕದ ಮಾತು ನೀವು ಆಡಬ್ಯಾಡ್ರಿ. ಇಪ್ಪತ್ತೈದು ಟನ್ ತುಂಬಿದ ಲಾರಿನ ಹದಿನಾರು ಅಂತ ಬರಿಯೋ ಕೈ ಅದು.

ಅಂದಾನಪ್ಪ: ಅದು ಮಾಲೀಕ್ರ ಲೆಕ್ಕ! ಇದು ನನ್ನ ದೇಹದ ಲೆಕ್ಕ. ಮಾಲೀಕ್ರು ಹೆಲಿಕಾಪ್ಟರ್ ತಗೊಂಡ್ರ ಊರೆಲ್ಲಾ ಕತ್ತೆತ್ತಿ ನೋಡ್ತೈತಿ. ನಾ ಒಂದು ಮೀಟರ್ ತಗೊಂಡ್ರ ಮನ್ಯಾಗ ಮೈಯೆಲ್ಲಾ ಉರಿ.

ದುರುಗಣ್ಣ: ಯಕ್ಕಾ, ಸಾಹೇಬ್ರೂ, ಒಂದು ಮಾತು. ನಲವತ್ತು ವರ್ಷ ಆತು ನಾ ಸೈಕಲ್ ರಿಪೇರಿ ಮಾಡಾಕ ಹತ್ತಿ. ಇಂಥಾದ್ದು ಕಂಡಿಲ್ಲ. ಇದರ ಕರೆಂಟು ಎಲ್ಲಿಂದ?

ಅಂದಾನಪ್ಪ: ಒಳಗ ಸೆಲ್ ಐತಿ. ಈ ಸಣ್ಣ ಮ್ಯಾಗ್ನೆಟ್ ಗಾಲಿ ಕಡ್ಡಿಗೆ ಕಟ್ಟೋದು. ಗಾಲಿ ತಿರುಗಿದಾಗ ಅದು ಈ ವೈರಿನ ಮುಂದ ಹಾದು ಹೋಗ್ತೈತಿ, ಆವಾಗ ಎಣಿಸ್ಕೊಂತೈತಿ. ಜ್ವಾಕಿ, ಬೀಳಬಾರದು.

ದುರುಗಣ್ಣ: ನನಗ ಬಿಡ್ರಿ. ಈ ರೋಡಿನ ಕುಣಿಗೆ ಲಾರಿ ಬಿಡಿಭಾಗನ ಉದುರ್ತಾವು. ಆದ್ರೂ ನಾ ಕಟ್ಟಿದ್ದು ಉದುರಂಗಿಲ್ಲ.

ಅಂದಿನಿಂದ ಅಂದಾನಪ್ಪ ಹೊಸ ಮನುಷ್ಯನಾದ. ಬೆಳಿಗ್ಗೆ ಆರಕ್ಕೆ ಹೊರಟು ಆರೂವರೆಗೆ ಬರುತ್ತಿದ್ದ. ಬಂದವನು ಬೆವರು ಒರೆಸಿಕೊಳ್ಳುವ ಮೊದಲು ಕನ್ನಡಕ ಹಾಕಿಕೊಂಡು ಮೀಟರ್ ಓದುತ್ತಿದ್ದ. ಹತ್ತು ದಿನ ಕಳೆಯುವಷ್ಟರಲ್ಲಿ ವೇಬ್ರಿಡ್ಜಿನ ಎಲ್ಲರಿಗೂ ಅವನ ಸ್ಪೀಡು ಬಾಯಿಪಾಠವಾಗಿತ್ತು.

ಅಂದಾನಪ್ಪ: ಮೂವತ್ತಾರು! ಏ ಎರ್ರಮ್ಮ, ಗಂಟೆಗೆ ಮೂವತ್ತಾರು ಕಿಲೋಮೀಟರ್! ಒಂದು ಅದಿರು ಲಾರಿನಾ ಹಿಂದ ಹಾಕಿದೆ.

ಎರ್ರಮ್ಮ: ಅದು ಪಂಕ್ಚರ್ ಆಗಿ ನಿಂತಿತ್ತೇನು?

ಅಂದಾನಪ್ಪ: ...ನಿಂತಿತ್ತು. ಆದ್ರ ಡ್ರೈವರ್ ಒಳಗ ಇದ್ದ. ನಾಕು ಬಜ್ಜಿ ಹಾಕು.

ಎರ್ರಮ್ಮ: ಡಾಕ್ಟ್ರು ಎಣ್ಣಿ ಪದಾರ್ಥ ಮುಟ್ಟಬ್ಯಾಡ ಅಂದಾರ.

ಅಂದಾನಪ್ಪ: ಡಾಕ್ಟ್ರು ಅದನ್ನ ಮೀಟರ್ ಇಲ್ಲದಾಗ ಹೇಳಿದ್ದು. ಏಳುನೂರು ಕ್ಯಾಲೊರಿ ಕರಗೈತಿ ಅಂತ ಇಲ್ಲೇ ಬರದೈತಿ. ಹೋದದ್ದನ್ನ ತುಂಬಬೇಕೋ ಬ್ಯಾಡೋ?

ಹೀಗೆ ದಿನಾ ಹೋದದ್ದನ್ನು ತುಂಬುತ್ತ ಬಂದ. ಮೊದಲು ಬಜ್ಜಿ, ಆಮೇಲೆ ಮಂಡಕ್ಕಿ, ಕಡೆಕಡೆಗೆ ಜಿಲೇಬಿ. ತಿಂಗಳು ತುಂಬಿದಾಗ ರಕ್ತ ಪರೀಕ್ಷೆಯ ಚೀಟಿ ಬಂತು. ಇನ್ನೂರ ಹತ್ತಿದ್ದ ಸಕ್ಕರೆ ಇನ್ನೂರ ಐವತ್ತೆಂಟಾಗಿತ್ತು. ಇನ್ನೊಂದು ತಿಂಗಳಲ್ಲಿ ಇಳಿಯದಿದ್ದರೆ ದಿನಾ ಇಂಜೆಕ್ಷನ್ ಎಂದು ಡಾಕ್ಟರು ಬರೆದಿದ್ದರು.

ಅಂದಾನಪ್ಪ: ಲ್ಯಾಬಿನೋರು ಚೀಟಿ ಅದಲುಬದಲು ಮಾಡ್ಯಾರ. ದಿನಾ ಹದಿನೈದು ಕಿಲೋಮೀಟರ್ ತುಳಿಯೋನಿಗೆ ಇಷ್ಟು ಹೆಂಗ ಏರತೈತಿ?

ಎರ್ರಮ್ಮ: ದಿನಾ ಹದಿನೈದಾ? ಎಲ್ಲಿ ತನಕ ಹೋಗ್ತೀರಿ?

ಅಂದಾನಪ್ಪ: ಅನಂತಶಯನಗುಡಿ ರೈಲ್ವೆ ಗೇಟಿನ ತನಕ ಹೋಗಿ ಬರ್ತೀನಿ.

ಎರ್ರಮ್ಮ: ಆ ಗೇಟು ಯಾವತ್ತು ಸರಕೊಂಡು ಅತ್ತಾಗ ಹೋತು?

ಅಂದಾನಪ್ಪ: ಅಂದ್ರ?

ಎರ್ರಮ್ಮ: ನಾ ದಿನಾ ಅಲ್ಲೇ ಸಾಲಿಗೆ ಹೋಗ್ತೀನಿ. ಹೋಗಿ ಬರಾಕ ಐದು ಕಿಲೋಮೀಟರ್. ಬಸ್ ತಪ್ಪಿದ ದಿನ ನಡಕೊಂಡೇ ಬಂದೀನಿ. ನೀವು ಹದಿನೈದು ಮಾಡ್ತೀರಂದ್ರ ಒಂದೋ ಗೇಟು ಓಡಿಹೋಗಿರಬೇಕು, ಇಲ್ಲಾ ನಿಮ್ಮ ಕಂಪ್ಯೂಟರಿಗೆ ಮಗ್ಗಿ ಬರಂಗಿಲ್ಲ.

ಅಂದಾನಪ್ಪ: ಮಷೀನು ಸುಳ್ಳು ಹೇಳಂಗಿಲ್ಲ.

ಎರ್ರಮ್ಮ: ವೇಬ್ರಿಡ್ಜಿನಾಗ ಕುಂತೋರು ಹೇಳೋ ಮಾತಾ ಇದು? ನಡ್ರಿ ದುರುಗಣ್ಣನ ಕಡೆ.

ಅಂಗಡಿಯಲ್ಲಿ ದುರುಗಣ್ಣ ಸೈಕಲ್ಲನ್ನು ತಲೆಕೆಳಗು ಮಾಡಿ ನಿಲ್ಲಿಸಿದ. ಎರ್ರಮ್ಮ ಸೆರಗು ಸಿಕ್ಕಿಸಿಕೊಂಡು ಮುಂದಿನ ಗಾಲಿಯನ್ನು ಮೆಲ್ಲಗೆ ಒಂದು ಸುತ್ತು ತಿರುಗಿಸಿದಳು. ಗಾಲಿಯ ಕಡ್ಡಿಗಳ ನಡುವೆ ಕೆಂಪು ಧೂಳು ಮೆತ್ತಿದ್ದ ಏನೋ ಒಂದು ಹಾದುಹೋಯಿತು. ಸ್ವಲ್ಪ ಹೊತ್ತಿಗೆ ಇನ್ನೊಂದು. ಮತ್ತೆ ಇನ್ನೊಂದು.

ಎರ್ರಮ್ಮ: ದುರುಗಣ್ಣ, ಇಲ್ಲಿ ಎಷ್ಟು ಮ್ಯಾಗ್ನೆಟ್ ಅದಾವು?

ದುರುಗಣ್ಣ: ಮೂರ್ರಿ ಯಕ್ಕಾ.

ಎರ್ರಮ್ಮ: ಡಬ್ಬಿಯಾಗ ಬಂದದ್ದು ಎಷ್ಟು?

ದುರುಗಣ್ಣ: ಒಂದಾ ಇತ್ರಿ. ಪಾಪ, ಅಷ್ಟು ದೊಡ್ಡ ಗಾಲಿಗೆ ಒಂದಾ! ಸಾಹೇಬ್ರು ಬೀಳಬಾರದು ಅಂದಿದ್ರು. ಒಂದು ಬಿದ್ರೂ ಇನ್ನೆರಡು ಇರಲಿ ಅಂತ ಹಳೇ ರೇಡಿಯೋ ಸ್ಪೀಕರ್ ಒಡದು ತೆಗೆದು ಕಟ್ಟೀನಿ. ರೊಕ್ಕ ಸುದ್ದಾ ಕೇಳಿಲ್ಲ.

ಎರ್ರಮ್ಮ: ಗಾಲಿ ಒಂದು ಸುತ್ತು ತಿರುಗಿದ್ರ ಇದು ಮೂರು ಸುತ್ತು ಅಂತ ಎಣಿಸ್ತೈತಿ. ಐದು ಹೋದ್ರ ಹದಿನೈದು. ಹನ್ನೆರಡರ ಸ್ಪೀಡಿಗೆ ಮೂವತ್ತಾರು. ಆಹಾ! ವೇಬ್ರಿಡ್ಜಿನಾಗ ಇದ್ದದ್ದು ಕಮ್ಮಿ, ಸೈಕಲ್ಲಿನ್ಯಾಗ ಇಲ್ಲದ್ದು ಜಾಸ್ತಿ. ನೀವು ಕುಂತ ಕಡೆ ಒಂದು ಮಷೀನಾರ ಖರೇ ಹೇಳಲಿಲ್ಲಲ್ರಿ!

ದುರುಗಣ್ಣ ನಕ್ಕ. ಪಕ್ಕದ ಚಹಾದಂಗಡಿಯವರೂ ನಕ್ಕರು. ಅಂದಾನಪ್ಪ ನಗಲಿಲ್ಲ. ಬೆಂಚಿನ ಮೇಲೆ ಕುಳಿತು ಹೆಲ್ಮೆಟ್ ತೆಗೆದು ತೊಡೆಯ ಮೇಲಿಟ್ಟುಕೊಂಡ.

ಅಂದಾನಪ್ಪ: ನಮ್ಮಪ್ಪಗೂ ಇದಾ ಕಾಯಿಲೆ ಇತ್ತು. ಕಡೀಗೆ ಕಾಲು ತೆಗೆದ್ರು. ನನಗ ಅದಾ ನೆನಪು ಬರತೈತಿ ಎರ್ರಮ್ಮ. ಆ ಮೂವತ್ತಾರು ನೋಡಿದಾಗೆಲ್ಲಾ, ಇಲ್ಲ, ನನ್ನ ಕಾಲಿಗೆ ಏನೂ ಆಗಂಗಿಲ್ಲ ಅನ್ನಿಸ್ತಿತ್ತು.

ಎರ್ರಮ್ಮನ ನಾಲಿಗೆಯ ತುದಿಯಲ್ಲಿ ಒಂದು ಮಾತು ಸಿದ್ಧವಾಗಿತ್ತು. ಅದನ್ನು ನುಂಗಿಕೊಂಡಳು. ಇಪ್ಪತ್ತು ವರ್ಷದ ಸಂಸಾರದಲ್ಲಿ ಅವಳು ಹಾಗೆ ನುಂಗಿಕೊಂಡದ್ದು ಅಪರೂಪ.

ಎರ್ರಮ್ಮ: ದುರುಗಣ್ಣ, ಎರಡು ಮ್ಯಾಗ್ನೆಟ್ ತೆಗಿ. ಆಮ್ಯಾಲ ನಿನ್ನ ಹಂತ್ಯಾಕ ಲೇಡೀಸ್ ಸೈಕಲ್ ಐತೇನು?

ದುರುಗಣ್ಣ: ಐತ್ರಿ. ಬೆಲ್ ಇಲ್ಲ, ಸೀಟು ಸ್ವಲ್ಪ ಹರದೈತಿ. ಯಾರಿಗ್ರಿ?

ಎರ್ರಮ್ಮ: ಬೆಲ್ ಬ್ಯಾಡ, ನನಗ ಬಾಯಿ ಐತಿ.

ಅಂದಾನಪ್ಪ: ನಿನಗೆಲ್ಲಿ ಸೈಕಲ್ ಬರತೈತಿ?

ಎರ್ರಮ್ಮ: ಹೈಸ್ಕೂಲಿಗೆ ಮೂರು ವರ್ಷ ಹಳ್ಳಿಯಿಂದ ಕಂಪ್ಲಿಗೆ ಸೈಕಲ್ ಮ್ಯಾಲಾ ಹೋಗೀನಿ. ಲಗ್ನ ಆದಮ್ಯಾಲ ನೀವು ಕೇಳಲಿಲ್ಲ, ನಾ ಹೇಳಲಿಲ್ಲ.

ಮರುದಿನದಿಂದ ಇಬ್ಬರೂ ಹೊರಟರು. ಮೊದಲ ದಿನ ಮೀಟರು ಐದು ಎಂದು ಖರೇ ಹೇಳಿದಾಗ ಅಂದಾನಪ್ಪ ಅದನ್ನು ಮೂರು ಸಲ ಓದಿದ, ಬೆರಳಿನಿಂದ ಬಡಿದೂ ನೋಡಿದ. ಅದು ಹದಿನೈದಾಗಲಿಲ್ಲ. ಬಜ್ಜಿ ಕೇಳುವ ಧೈರ್ಯ ಬರಲಿಲ್ಲ. ಎರಡನೇ ವಾರಕ್ಕೆ ಗೇಟು ದಾಟಿದರು, ಮೂರನೇ ವಾರಕ್ಕೆ ಕಡ್ಡಿರಾಂಪುರ, ನಾಲ್ಕನೆಯದಕ್ಕೆ ಕಮಲಾಪುರದ ದಾರಿ. ಬಾಳೆ ತೋಟದ ಮಧ್ಯದ ಆ ದಾರಿಯಲ್ಲಿ ಅದಿರು ಲಾರಿಯ ಧೂಳಿರಲಿಲ್ಲ. ತಿಂಗಳ ಚೀಟಿಯಲ್ಲಿ ಸಕ್ಕರೆ ನೂರ ಅರವತ್ತೆಂಟಕ್ಕೆ ಇಳಿದಿತ್ತು. ಇಂಜೆಕ್ಷನ್ ಸದ್ಯಕ್ಕೆ ಬೇಡ ಎಂದರು ಡಾಕ್ಟರು. ಅಂದಾನಪ್ಪ ಆ ಚೀಟಿಯನ್ನು ಜೇಬಿನಲ್ಲಿಟ್ಟುಕೊಂಡೇ ಭಾನುವಾರ ಕಮಲಾಪುರ ಕೆರೆಯ ಏರಿಯ ಮೇಲೆ ಸೈಕಲ್ ಏರಿದ.

ಅಂದಾನಪ್ಪ: ನೋಡಿದೇನು? ನಾ ಮೊದಲಾ ಹೇಳಿರಲಿಲ್ಲ? ಎಲ್ಲಾ ಕಂಪ್ಯೂಟರಿನ ಮಹಿಮಾ. ಅದಿಲ್ಲದಿದ್ರ ನಾ ಎಷ್ಟು ಸ್ಪೀಡ್ ಅದೀನಿ ಅಂತ ತಿಳೀತಿತ್ತಾ?

ಎರ್ರಮ್ಮ ಅವನನ್ನು ದಾಟಿ ಮುಂದೆ ಹೋದಳು. ಹರಿದ ಸೀಟು, ಬೆಲ್ಲಿಲ್ಲದ ಹ್ಯಾಂಡಲ್ಲು, ಸೊಂಟಕ್ಕೆ ಬಿಗಿದ ಸೆರಗು. ಅಂದಾನಪ್ಪ ತಲೆ ತಗ್ಗಿಸಿ, ಹಲ್ಲು ಕಚ್ಚಿ ತುಳಿದ. ಮೀಟರ್ ಹದಿನಾಲ್ಕಾಯಿತು, ಹದಿನೈದಾಯಿತು. ಇಬ್ಬರ ನಡುವಿನ ಅಂತರ ಮಾತ್ರ ಕಮ್ಮಿಯಾಗಲಿಲ್ಲ.

ಅಂದಾನಪ್ಪ (ಏದುಸಿರು ಬಿಡುತ್ತ): ಏ, ನಿಲ್ಲು! ಹದಿನಾರು! ಖರೇ ಖರೇ ಹದಿನಾರು ತೋರಿಸಾಕತ್ತೈತಿ ನಂದು!

ಎರ್ರಮ್ಮ (ಹಿಂತಿರುಗಿಯೂ ನೋಡದೆ): ಹಂಗಂದ್ರ ನಂದು ಹದಿನೇಳು!